ಕ್ಷಯರೋಗ: ಮದ್ದು ರೋಗಿಗೆ, ಊಟ ಮನೆಮಂದಿಗೆಲ್ಲ

ಕ್ಷಯರೋಗವು ಮಾನವನಿಗೆ ಬಹು ಪುರಾತನ ಕಾಲದಿಂದಲೂ ಪರಿಚಿತವಾದ ರೋಗ. ನಮ್ಮ ಹಿರಿಯರು ಇದನ್ನು ರಾಜಯಕ್ಷ್ಮವೆಂದು ಕರೆದು ಭಯಪಟ್ಟಿದ್ದರು. ಇದು ಪೂರ್ವಜನ್ಮದ ಪಾಪದ ಫಲವೆಂದೋ ವಂಶದಲ್ಲಿ ಹರಿದುಬರುವ ದೋಷವೆಂದೋ ಜನರು ನಂಬಿದ್ದ ಕಾಲವೊಂದಿತ್ತು. 1882ನೆಯ ಇಸವಿಯ ಮಾರ್ಚ್ 24ರಂದು ಜರ್ಮನಿಯ ವೈದ್ಯವಿಜ್ಞಾನಿ ರಾಬರ್ಟ್ ಕಾಕ್ ಅವರು ಈ ರೋಗಕ್ಕೆ ಒಂದು ಸೂಕ್ಷ್ಮ ರೋಗಾಣುವೇ ಕಾರಣವೆಂದು ಪ್ರಕಟಿಸಿದರು. ಅಂದಿನಿಂದ ಈ ರೋಗದ ಗುಟ್ಟುಗಳು ಒಂದೊಂದಾಗಿ ಬಯಲಾಗುತ್ತ ಬಂದಿವೆ. ಇಂದು ಕ್ಷಯವು ಪೂರ್ಣವಾಗಿ ಗುಣವಾಗುವ ರೋಗ. ಆದರೂ ಅದರ ಹೆಸರು ಕಿವಿಗೆ ಬಿದ್ದೊಡನೆ ಮನೆಗಳು ತಲ್ಲಣಿಸುವುದು ನಿಂತಿಲ್ಲ.

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಗಂಡ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ಅತ್ತೆ. ಸೊಸೆಗೆ ಒಂದು ತಿಂಗಳಿನಿಂದ ಕೆಮ್ಮು. ಸಂಜೆಯ ಹೊತ್ತಿಗೆ ಸಣ್ಣ ಜ್ವರ. ರವಿಕೆ ಸಡಿಲವಾಗುವಷ್ಟು ಮೈ ಇಳಿದಿದೆ. ಕಫವನ್ನು ಪರೀಕ್ಷಿಸಿದ ವೈದ್ಯರು ಕ್ಷಯವೆಂದು ತಿಳಿಸುತ್ತಾರೆ. ಅಂದು ರಾತ್ರಿ ಮನೆಯಲ್ಲಿ ಒಂದು ಮಾತು ಬರುತ್ತದೆ: "ಗುಣವಾಗುವತನಕ ತವರುಮನೆಗೆ ಕಳುಹಿಸಿಬಿಡೋಣ." ಆಕೆಯ ತಟ್ಟೆ, ಲೋಟ, ಚಾಪೆಗಳು ಬೇರೆಯಾಗುತ್ತವೆ. ಮೊದಲೂ ಎಲ್ಲರ ಊಟವಾದ ಮೇಲೆ ಉಳಿದುದನ್ನು ಉಣ್ಣುತ್ತಿದ್ದವಳು ಈಗ ಮೂಲೆಯಲ್ಲಿ ಒಬ್ಬಳೇ ಕುಳಿತು ಅದಕ್ಕಿಂತಲೂ ಕಡಿಮೆ ಉಣ್ಣುತ್ತಾಳೆ.

ಇಂತಹ ಮನೆಗಳು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಇಲ್ಲಿ ಕೈಗೊಂಡ ಕ್ರಮಗಳಲ್ಲಿ ಯಾವುದು ಸರಿ, ಯಾವುದು ತಪ್ಪು? ಈ ಪ್ರಶ್ನೆಗೆ ನಮ್ಮ ದೇಶದಲ್ಲಿಯೇ ನಡೆದ ಸಂಶೋಧನೆಗಳು ಸ್ಪಷ್ಟವಾದ ಉತ್ತರವನ್ನು ಕೊಟ್ಟಿವೆ. ಪ್ರತಿಯೊಂದು ದಂಪತಿಯೂ ಆ ಉತ್ತರವನ್ನು ಅರಿತಿರುವುದು ಅವಶ್ಯಕ.

ರೋಗವು ಹರಡುವ ಬಗೆ

ಶ್ವಾಸಕೋಶದ ಕ್ಷಯವಿರುವ ವ್ಯಕ್ತಿಯು ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತನಾಡಿದಾಗ ಕಣ್ಣಿಗೆ ಕಾಣದ ತುಂತುರಿನೊಡನೆ ರೋಗಾಣುಗಳು ಗಾಳಿಗೆ ಸೇರುತ್ತವೆ. ಕಿಟಕಿಯಿಲ್ಲದ, ಬೆಳಕಾಡದ ಕೋಣೆಯಲ್ಲಿ ಅವು ಗಂಟೆಗಟ್ಟಲೆ ತೇಲಾಡಬಲ್ಲವು. ಆ ಗಾಳಿಯನ್ನು ಉಸಿರಾಡಿದವರ ದೇಹವನ್ನು ಅವು ಹೊಗುತ್ತವೆ. ತಟ್ಟೆ, ಲೋಟ, ಬಟ್ಟೆಗಳಿಂದಾಗಲಿ, ಕೈ ಮುಟ್ಟುವುದರಿಂದಾಗಲಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದರಿಂದಾಗಲಿ ಕ್ಷಯವು ಹರಡುವುದಿಲ್ಲ. ಆದುದರಿಂದ ಪಾತ್ರೆಯನ್ನು ಬೇರೆ ಇಡುವುದರಿಂದ ಯಾವ ಪ್ರಯೋಜನವೂ ಇಲ್ಲ. ಕಿಟಕಿಯನ್ನು ತೆರೆದಿಡುವುದರಿಂದ ಪ್ರಯೋಜನವುಂಟು.

ರೋಗಾಣು ದೇಹವನ್ನು ಹೊಕ್ಕ ಮಾತ್ರಕ್ಕೆ ಎಲ್ಲರೂ ರೋಗಿಗಳಾಗುವುದಿಲ್ಲ. ರೋಗಾಣು ಹೊಕ್ಕ ನೂರು ಜನರಲ್ಲಿ ಸುಮಾರು ಐದರಿಂದ ಹತ್ತು ಮಂದಿ ಮಾತ್ರ ತಮ್ಮ ಜೀವಿತಾವಧಿಯಲ್ಲಿ ಎಂದಾದರೊಮ್ಮೆ ಕ್ಷಯಕ್ಕೆ ತುತ್ತಾಗುತ್ತಾರೆ. ಉಳಿದವರಲ್ಲಿ ದೇಹದ ರಕ್ಷಣಾಶಕ್ತಿಯು ರೋಗಾಣುವನ್ನು ಬೂದಿ ಮುಚ್ಚಿದ ಕೆಂಡದಂತೆ ಅಡಗಿಸಿಟ್ಟಿರುತ್ತದೆ. ಈ ಶಕ್ತಿ ಕುಂದಿದಾಗ ಕೆಂಡವು ಮತ್ತೆ ಕೆರಳುತ್ತದೆ. ಶಕ್ತಿಯನ್ನು ಕುಂದಿಸುವ ಕಾರಣಗಳು ಹಲವು: ಸಕ್ಕರೆ ಕಾಯಿಲೆ, ಎಚ್.ಐ.ವಿ. ಸೋಂಕು, ಬೀಡಿ ಸಿಗರೇಟು, ಮದ್ಯಪಾನ. ಇವೆಲ್ಲದರ ಜೊತೆಗೆ ನಮ್ಮ ದೇಶದಲ್ಲಿ ಅತಿ ಹೆಚ್ಚು ಮನೆಗಳಲ್ಲಿ ಕಂಡುಬರುವ ಕಾರಣವೊಂದಿದೆ. ಅದೇ ಅರೆಹೊಟ್ಟೆಯ ಊಟ.

ಮದರಾಸಿನ ಪಾಠ

ಹಿಂದೆ ಕ್ಷಯರೋಗಿಯನ್ನು ಊರಿನಿಂದ ದೂರವಿದ್ದ ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಇರಿಸುತ್ತಿದ್ದರು. ಶುದ್ಧವಾದ ಗಾಳಿ, ಪೂರ್ಣ ವಿಶ್ರಾಂತಿ, ಹಾಲು ಮೊಟ್ಟೆಗಳ ಊಟ, ಇವೇ ಅಂದಿನ ಚಿಕಿತ್ಸೆ. ಲಕ್ಷಾಂತರ ರೋಗಿಗಳಿದ್ದ ನಮ್ಮ ದೇಶದಲ್ಲಿ ಅಷ್ಟು ಹಾಸಿಗೆಗಳು ಎಲ್ಲಿಂದ ಬರಬೇಕು? ಸ್ಟ್ರೆಪ್ಟೊಮೈಸಿನ್, ಐಸೋನಿಯಾಜಿಡ್ ಮೊದಲಾದ ಔಷಧಿಗಳು ದೊರೆತ ಮೇಲೆ ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಲು 1956ರಲ್ಲಿ ಮದರಾಸಿನಲ್ಲಿ ಒಂದು ಅಧ್ಯಯನವು ಆರಂಭವಾಯಿತು. 193 ಬಡ ರೋಗಿಗಳನ್ನು ಎರಡು ಗುಂಪುಗಳನ್ನಾಗಿ ವಿಂಗಡಿಸಿ, ಒಂದು ಗುಂಪಿಗೆ ಆರೋಗ್ಯಧಾಮದಲ್ಲಿಯೂ ಇನ್ನೊಂದು ಗುಂಪಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲಿಯೂ ಒಂದು ವರ್ಷ ಕಾಲ ಒಂದೇ ಔಷಧಿಯನ್ನು ಕೊಡಲಾಯಿತು.

1959ರಲ್ಲಿ ಪ್ರಕಟವಾದ ಫಲಿತಾಂಶವು ಜಗತ್ತಿನ ವೈದ್ಯರನ್ನು ಚಕಿತಗೊಳಿಸಿತು. ಮನೆಯಲ್ಲಿದ್ದ ರೋಗಿಗಳ ಊಟ ಸಾಧಾರಣವಾಗಿದ್ದರೂ, ವಿಶ್ರಾಂತಿ ಕಡಿಮೆಯಾಗಿದ್ದರೂ, ಅವರು ಆರೋಗ್ಯಧಾಮದವರಷ್ಟೇ ಚೆನ್ನಾಗಿ ಗುಣಹೊಂದಿದ್ದರು. ಮನೆಯಲ್ಲಿಯೇ ಚಿಕಿತ್ಸೆ ಪಡೆದ ಮಾತ್ರಕ್ಕೆ ಅವರ ಕುಟುಂಬದವರಿಗೆ ಹೆಚ್ಚಾಗಿ ರೋಗವು ತಗಲಿರಲಿಲ್ಲವೆಂಬುದು ಮುಂದಿನ ವರ್ಷಗಳಲ್ಲಿ ದೃಢಪಟ್ಟಿತು. ಕಾರಣವು ಸರಳ. ಮನೆಯವರಿಗೆ ತಗಲುವ ಅಪಾಯವು ರೋಗವನ್ನು ಪತ್ತೆಮಾಡುವ ಮೊದಲೇ, ಚಿಕಿತ್ಸೆಯಿಲ್ಲದೆ ಕೆಮ್ಮುತ್ತಿದ್ದ ದಿನಗಳಲ್ಲಿಯೇ ಹೆಚ್ಚು. ಸರಿಯಾದ ಔಷಧಿಯು ಆರಂಭವಾದ ಮೇಲೆ ರೋಗವನ್ನು ಹರಡುವ ಶಕ್ತಿಯು ಬೇಗನೆ ಇಳಿಯುತ್ತದೆ.

ಆದುದರಿಂದ ಸೊಸೆಯನ್ನು ತವರಿಗೆ ಕಳುಹಿಸುವುದರಿಂದ ಅತ್ತೆಯ ಮನೆಗೆ ರಕ್ಷಣೆ ದೊರೆಯುವುದಿಲ್ಲ. ಊರು ಬದಲಾದಾಗ ಔಷಧಿಯು ನಿಂತುಹೋಗುವ ಅಪಾಯವೇ ಹೆಚ್ಚು.

ತುಮಕೂರಿನ ಹಳ್ಳಿಗಳು ಹೇಳಿದ್ದು

1959ರಲ್ಲಿಯೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಈ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿತು. ಹಳ್ಳಿಯ ಜನರಿಗೆ ರೋಗದ ಪರಿವೆಯೇ ಇಲ್ಲವೆಂದು ಅದುವರೆಗೆ ಭಾವಿಸಲಾಗಿತ್ತು. ಆದರೆ ಕ್ಷಯವಿದ್ದವರಲ್ಲಿ ಬಹುತೇಕ ಎಲ್ಲರೂ ತಮ್ಮ ಕೆಮ್ಮು ಜ್ವರಗಳನ್ನು ಅರಿತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕಾಗಿ ಪರಿಹಾರವನ್ನೂ ಅರಸಿದ್ದರು. ರೋಗವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಪತ್ತೆಮಾಡಿ ಚಿಕಿತ್ಸೆ ನೀಡಬೇಕೆಂಬ ರಾಷ್ಟ್ರೀಯ ಕಾರ್ಯಕ್ರಮದ ನೀತಿಗೆ ಈ ಅರಿವೇ ಬುನಾದಿಯಾಯಿತು.

ಆದರೆ ಕೆಲಸವು ಇನ್ನೂ ಮುಗಿದಿಲ್ಲ. 2019ರಿಂದ 2021ರವರೆಗೆ ದೇಶದಾದ್ಯಂತ ನಡೆದ ಸಮೀಕ್ಷೆಯಲ್ಲಿ, ಕ್ಷಯದ ಲಕ್ಷಣಗಳಿದ್ದ ನೂರು ಜನರಲ್ಲಿ ಸುಮಾರು 64 ಮಂದಿ ಯಾವ ಆಸ್ಪತ್ರೆಗೂ ಹೋಗಿರಲಿಲ್ಲವೆಂದು ಕಂಡುಬಂದಿತು. ಬಹುಪಾಲು ಜನರು ಲಕ್ಷಣಗಳನ್ನು ಲೆಕ್ಕಿಸದೆ ಬಿಟ್ಟಿದ್ದರು. ಎರಡು ವಾರಕ್ಕೂ ಮೀರಿದ ಕೆಮ್ಮು, ಸಂಜೆಯ ಜ್ವರ, ರಾತ್ರಿ ಬೆವರುವುದು, ತೂಕ ಇಳಿಯುವುದು, ಹಸಿವು ಕುಗ್ಗುವುದು, ಕಫದಲ್ಲಿ ರಕ್ತ, ಇವುಗಳಲ್ಲಿ ಯಾವುದು ಕಂಡರೂ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು. ಪತ್ನಿಯು ತನ್ನ ಕೆಮ್ಮನ್ನು ಒಲೆಯ ಹೊಗೆಯದೆಂದೂ ಪತಿಯು ತನ್ನದನ್ನು ಬೀಡಿಯದೆಂದೂ ತಳ್ಳಿಹಾಕಬಾರದು.

ಜಾರ್ಖಂಡದಲ್ಲಿ ನಡೆದ ಹೊಸ ಅಧ್ಯಯನ

ಮದರಾಸಿನ ಅಧ್ಯಯನವು ಔಷಧಿಯ ಶಕ್ತಿಯನ್ನು ತೋರಿಸಿತು. ಅದು ಸತ್ಯ. ಆದರೆ ಅದರ ನಂತರ ಅನೇಕ ದಶಕಗಳ ಕಾಲ ಊಟದ ವಿಚಾರವು ಹಿಂದೆ ಸರಿಯಿತು. ಔಷಧಿಯೊಂದಿದ್ದರೆ ಸಾಕೆಂಬ ಭಾವನೆಯು ಬೆಳೆಯಿತು. ಊಟವು ನಿಜವಾಗಿಯೂ ಅಷ್ಟು ಅಮುಖ್ಯವೇ?

ಈ ಪ್ರಶ್ನೆಯನ್ನು ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಕೈಗೆತ್ತಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ಜಾರ್ಖಂಡ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ 2019ರ ಆಗಸ್ಟ್‌ನಲ್ಲಿ ಅಧ್ಯಯನವು ಆರಂಭವಾಯಿತು. 2,800 ರೋಗಿಗಳು ಹಾಗೂ ಅವರ ಮನೆಗಳಲ್ಲಿದ್ದ 10,345 ಜನರು ಇದರಲ್ಲಿ ಸೇರಿದರು. ರೋಗಿಗಳೆಲ್ಲರಿಗೂ ಔಷಧಿಯೊಡನೆ ತಿಂಗಳಿಗೆ 10 ಕಿಲೋಗ್ರಾಂ ಆಹಾರವನ್ನು ಕೊಡಲಾಯಿತು. ಅದರಲ್ಲಿ ಅಕ್ಕಿ, ಹುರಿದ ಕಡಲೆಯ ಹಿಟ್ಟು, ಹಾಲಿನ ಪುಡಿ, ಎಣ್ಣೆಗಳಿದ್ದವು. ಅರ್ಧದಷ್ಟು ಪ್ರದೇಶಗಳಲ್ಲಿ ರೋಗಿಯ ಮನೆಯ ಇತರರಿಗೂ ಆಹಾರವನ್ನು ಕೊಡಲಾಯಿತು: ಪ್ರೌಢ ವ್ಯಕ್ತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೊತೆಗೆ ಜೀವಸತ್ವದ ಮಾತ್ರೆಗಳು. ಉಳಿದ ಪ್ರದೇಶಗಳ ಮನೆಯವರು ಎಂದಿನ ಊಟದಲ್ಲಿಯೇ ಇದ್ದರು. ಎಲ್ಲರ ಆರೋಗ್ಯವನ್ನೂ 2022ರ ಜುಲೈವರೆಗೆ ಗಮನಿಸಲಾಯಿತು.

2023ರ ಆಗಸ್ಟ್‌ನಲ್ಲಿ ಪ್ರಕಟವಾದ ಫಲಿತಾಂಶಗಳು ಹೀಗಿವೆ. ಆಹಾರವನ್ನು ಪಡೆದ ಮನೆಗಳ ಜನರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು, ಪಡೆಯದ ಮನೆಗಳಿಗೆ ಹೋಲಿಸಿದರೆ, ಶೇಕಡ 39ರಷ್ಟು ಕಡಿಮೆಯಾಯಿತು. ಇತರರಿಗೆ ಹರಡಬಲ್ಲ ಬಗೆಯ ಶ್ವಾಸಕೋಶದ ಕ್ಷಯವು ಶೇಕಡ 48ರಷ್ಟು, ಅಂದರೆ ಹೆಚ್ಚು ಕಡಿಮೆ ಅರ್ಧದಷ್ಟು, ಇಳಿಯಿತು. ಸುಮಾರು ಮೂವತ್ತು ಮನೆಗಳಿಗೆ ಆಹಾರವನ್ನು ಒದಗಿಸಿದರೆ ಒಬ್ಬರಿಗೆ ಕ್ಷಯ ಬಾರದಂತೆ ತಡೆಯಬಹುದೆಂದು ಸಂಶೋಧಕರು ಲೆಕ್ಕ ಹಾಕಿದರು.

ರೋಗಿಗಳ ವಿಷಯದಲ್ಲಿ ಕಂಡುಬಂದುದೂ ಗಮನಾರ್ಹವಾದುದು. ಚಿಕಿತ್ಸೆಗೆ ಬಂದಾಗ ಐವರಲ್ಲಿ ನಾಲ್ವರು ಇರಬೇಕಾದುದಕ್ಕಿಂತ ಕಡಿಮೆ ತೂಕದವರಾಗಿದ್ದರು. ಮೊದಲ ಎರಡು ತಿಂಗಳಲ್ಲಿ ತೂಕವು ಶೇಕಡ 5ರಷ್ಟು ಏರಿದವರಲ್ಲಿ ಸಾವಿನ ಸಂಭವವು ಶೇಕಡ 61ರಷ್ಟು ಕಡಿಮೆಯಾಗಿತ್ತು. ನಲವತ್ತು ಕಿಲೋ ತೂಗುವ ರೋಗಿಗೆ ಶೇಕಡ 5 ಎಂದರೆ ಎರಡು ಕಿಲೋ ಮಾತ್ರ. ಔಷಧಿಯು ರೋಗಾಣುವನ್ನು ಕೊಲ್ಲುತ್ತದೆ. ಆದರೆ ಬಳಲಿ ಸೊರಗಿದ ದೇಹವು ಚಿಕಿತ್ಸೆಯ ಕೊನೆಯವರೆಗೆ ಬದುಕಿ ಉಳಿಯಲು ಅನ್ನವೂ ಬೇಕು.

ತಟ್ಟೆಯಲ್ಲಿ ಏನಿರಬೇಕು?

ಈ ಅಧ್ಯಯನದಲ್ಲಿ ಮನೆಯವರಿಗೆ ಕೊಟ್ಟ ಆಹಾರದಲ್ಲಿ ಬೆಲೆಬಾಳುವ ವಸ್ತುವೇನೂ ಇರಲಿಲ್ಲ. ತಿಂಗಳಿಗೆ ಒಂದೂವರೆ ಕಿಲೋ ಬೇಳೆಯೆಂದರೆ ದಿನಕ್ಕೆ 50 ಗ್ರಾಂ, ಅಂದರೆ ಸುಮಾರು ಒಂದು ಹಿಡಿ. ಎಂದಿನ ಊಟದ ಮೇಲೆ ಅಷ್ಟು ಬೇಳೆ, ಅದಕ್ಕೆ ತಕ್ಕ ಅನ್ನ, ಇಷ್ಟೇ ವ್ಯತ್ಯಾಸ. ನಮ್ಮ ನಾಡಿನಲ್ಲಿ ರಾಗಿಮುದ್ದೆ, ಜೋಳದ ರೊಟ್ಟಿ, ಅನ್ನ ಇವುಗಳೊಡನೆ ತೊಗರಿ, ಹುರುಳಿ, ಅವರೆ, ಅಲಸಂದೆ, ಹೆಸರುಕಾಳುಗಳನ್ನು ಧಾರಾಳವಾಗಿ ಬಳಸಬಹುದು. ಹುರಿಗಡಲೆ, ಕಡಲೆಕಾಯಿ, ಬೆಲ್ಲ, ಸೊಪ್ಪು ತರಕಾರಿಗಳು ಹಳ್ಳಿಯಲ್ಲಿಯೇ ದೊರೆಯುತ್ತವೆ. ಅನುಕೂಲವಿದ್ದವರು ಹಾಲು, ಮೊಸರು, ಮೊಟ್ಟೆ, ಮೀನುಗಳನ್ನು ಸೇರಿಸಿಕೊಳ್ಳಬೇಕು. ಹಸಿವಿಲ್ಲದ ರೋಗಿಗೆ ಒಮ್ಮೆಗೇ ಹೆಚ್ಚು ಬಡಿಸುವ ಬದಲು ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಒಳ್ಳೆಯದು. ಕೆಮ್ಮಿದೆಯೆಂದು ಮೊಸರು, ಬಾಳೆಹಣ್ಣುಗಳನ್ನು ಶೀತವೆಂದು ನಿಲ್ಲಿಸುವ ಪಥ್ಯವು ಅನಾವಶ್ಯಕ. ಸಕ್ಕರೆ ಕಾಯಿಲೆಯೂ ಇರುವವರು ಮಾತ್ರ ಊಟದ ಬಗ್ಗೆ ವೈದ್ಯರನ್ನು ಕೇಳಬೇಕು.

ಇಲ್ಲಿ ಮನೆಯ ಯಜಮಾನರು ಒಂದು ವಿಚಾರವನ್ನು ನಿಷ್ಪಕ್ಷಪಾತವಾಗಿ ಯೋಚಿಸಬೇಕು. ಅನೇಕ ಮನೆಗಳಲ್ಲಿ ಹೆಂಗಸರು ಕಡೆಯಲ್ಲಿ ಉಣ್ಣುತ್ತಾರೆ. ಸಾರಿನ ತಳದಲ್ಲಿ ಉಳಿದ ನೀರೇ ಅವರ ಪಾಲು. ಮನೆಗೆ ಬಂದ ಬೇಳೆಯು ಗಂಡನ ಮತ್ತು ಮಕ್ಕಳ ತಟ್ಟೆಗೆ ಮಾತ್ರ ಹೋದರೆ ಸಂಶೋಧನೆಯ ಫಲವು ಆ ಮನೆಗೆ ಅರ್ಧವಷ್ಟೇ ದೊರೆಯುತ್ತದೆ. ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದು ಇದಕ್ಕೆ ಸುಲಭವಾದ ಪರಿಹಾರ. ಯಾರಿಗೆ ಎಷ್ಟು ಬಂದಿತೆಂಬುದು ಆಗ ಎಲ್ಲರಿಗೂ ಕಾಣುತ್ತದೆ.

ಚಿಕಿತ್ಸೆಯ ಅವಧಿಯಲ್ಲಿ ಪೋಷಣೆಗಾಗಿ ಸರ್ಕಾರವು 2018ರಿಂದ ರೋಗಿಗೆ ತಿಂಗಳಿಗೆ 500 ರೂಪಾಯಿಗಳನ್ನು ನೀಡುತ್ತಿತ್ತು. 2024ರ ನವೆಂಬರ್‌ನಿಂದ ಇದನ್ನು 1,000 ರೂಪಾಯಿಗಳಿಗೆ ಏರಿಸಲಾಯಿತು. ಹಣವು ಬ್ಯಾಂಕಿನ ಖಾತೆಗೆ ನೇರವಾಗಿ ಬರುತ್ತದೆ. ದಾನಿಗಳು ನೀಡುವ ಆಹಾರದ ಕಿಟ್‌ಗಳನ್ನು ರೋಗಿಯ ಮನೆಯವರಿಗೂ ವಿಸ್ತರಿಸಲು 2024ರಲ್ಲಿ ತೀರ್ಮಾನವಾಯಿತು. ಈ ಬಗ್ಗೆ ಆಶಾ ಕಾರ್ಯಕರ್ತೆಯನ್ನು ಅಥವಾ ಆರೋಗ್ಯ ಕೇಂದ್ರವನ್ನು ವಿಚಾರಿಸಬೇಕು.

ಪರೀಕ್ಷೆ ಮತ್ತು ಔಷಧಿ

ರೋಗವನ್ನು ಪತ್ತೆಮಾಡುವ ವಿಧಾನಗಳೂ ಸುಧಾರಿಸಿವೆ. ಸೂಕ್ಷ್ಮದರ್ಶಕಕ್ಕೆ ಕಾಣದಷ್ಟು ಕಡಿಮೆ ರೋಗಾಣುಗಳನ್ನು ಸಹ ಹಿಡಿಯಬಲ್ಲ ಯಂತ್ರಗಳು ಬಂದಿವೆ. ಬೆಂಗಳೂರು ಮತ್ತು ಗೋವೆಯ ತಂತ್ರಜ್ಞರು ರೂಪಿಸಿದ ಟ್ರೂನ್ಯಾಟ್ ಎಂಬ ಚಿಕ್ಕ ಯಂತ್ರವು ಬ್ಯಾಟರಿಯಿಂದಲೂ ನಡೆಯುವುದರಿಂದ ಸಣ್ಣ ಆಸ್ಪತ್ರೆಗಳಲ್ಲಿಯೂ ಅದನ್ನು ಬಳಸಬಹುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಮಾನ್ಯಮಾಡಿತು. ರೋಗಾಣುವು ರಿಫಾಂಪಿಸಿನ್ ಎಂಬ ಮುಖ್ಯ ಔಷಧಿಗೆ ಬಗ್ಗುವುದೋ ಇಲ್ಲವೋ ಎಂಬುದನ್ನೂ ಇಂತಹ ಯಂತ್ರಗಳು ಅಂದೇ ತಿಳಿಸಬಲ್ಲವು.

ಸಾಧಾರಣ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಸಾಕು. ಮೊದಲ ಎರಡು ತಿಂಗಳು ನಾಲ್ಕು ಔಷಧಿಗಳನ್ನೂ ಅನಂತರದ ನಾಲ್ಕು ತಿಂಗಳು ಮೂರು ಔಷಧಿಗಳನ್ನೂ ಪ್ರತಿದಿನ ಸೇವಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇವು ಸಂಪೂರ್ಣ ಉಚಿತ. ಒಂದೆರಡು ತಿಂಗಳಲ್ಲಿ ಕೆಮ್ಮು ನಿಂತು ಮೈ ತುಂಬಿಕೊಂಡಾಗ ಗುಣವಾಯಿತೆಂದು ಮಾತ್ರೆಯನ್ನು ಬಿಡುವುದು ಅತ್ಯಂತ ಅಪಾಯಕರ. ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತೆ ಬಲಿಯುತ್ತವೆ. ಅಂತಹ ಹಠಮಾರಿ ಕ್ಷಯಕ್ಕೆ ಹಿಂದೆ ಇಪ್ಪತ್ತು ತಿಂಗಳವರೆಗೂ ಚಿಕಿತ್ಸೆ ಬೇಕಾಗುತ್ತಿತ್ತು. 2024ರಲ್ಲಿ ನಮ್ಮ ಸರ್ಕಾರವು ನಾಲ್ಕು ಔಷಧಿಗಳ ಆರು ತಿಂಗಳ ಹೊಸ ಕ್ರಮಕ್ಕೆ ಒಪ್ಪಿಗೆ ನೀಡಿದುದು ಅಂತಹ ಅನೇಕ ರೋಗಿಗಳಿಗೆ ದೊಡ್ಡ ಆಸರೆಯಾಗಿದೆ.

ಔಷಧಿಯನ್ನು ಸೇವಿಸುವಾಗ ಮೂತ್ರವು ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಗಾಬರಿಪಡಬೇಕಾಗಿಲ್ಲ. ಆದರೆ ಕಣ್ಣು ಹಳದಿಯಾದರೆ, ಬಿಡದೆ ವಾಂತಿಯಾದರೆ, ದೃಷ್ಟಿಯು ಮಂಜಾದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ದಂಪತಿಗಳು ವಿಶೇಷವಾಗಿ ಅರಿಯಬೇಕಾದುದು

ರಿಫಾಂಪಿಸಿನ್ ಔಷಧಿಯು ಗರ್ಭನಿರೋಧಕ ನುಂಗುವ ಮಾತ್ರೆಗಳ ಶಕ್ತಿಯನ್ನು ಕುಂದಿಸುತ್ತದೆ. ಆದುದರಿಂದ ಈ ಚಿಕಿತ್ಸೆಯಲ್ಲಿರುವ ಪತ್ನಿಯು ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರೂ ಗರ್ಭ ನಿಲ್ಲಬಹುದು. ಚಿಕಿತ್ಸೆಯ ಕಾಲದಲ್ಲಿಯೂ ಅದು ಮುಗಿದ ನಂತರ ಒಂದು ತಿಂಗಳವರೆಗೂ ನಿರೋಧ್ ಅಥವಾ ಕಾಪರ್-ಟಿ ಬಳಸುವುದು ಕ್ಷೇಮ. ಚಿಕಿತ್ಸೆ ಪೂರ್ಣಗೊಂಡು ಮೈ ಚೇತರಿಸಿಕೊಂಡ ಮೇಲೆ ಮಗುವಿನ ಬಗ್ಗೆ ಯೋಚಿಸುವುದು ತಾಯಿಗೂ ಮಗುವಿಗೂ ಹಿತಕರ.

ಗರ್ಭಿಣಿಗೆ ಕ್ಷಯ ಕಂಡುಬಂದರೆ ಚಿಕಿತ್ಸೆಯನ್ನು ಮುಂದೂಡಬಾರದು. ಸಾಮಾನ್ಯವಾಗಿ ಬಳಸುವ ಮಾತ್ರೆಗಳನ್ನು ಗರ್ಭಿಣಿಯರಿಗೂ ಕೊಡುತ್ತಾರೆ. ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಮಾತ್ರ ಮಗುವಿನ ಕಿವಿಗೆ ಹಾನಿ ಮಾಡಬಹುದಾದುದರಿಂದ ಅದನ್ನು ವರ್ಜಿಸುತ್ತಾರೆ. ಗರ್ಭಿಣಿಯೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಮಾತ್ರೆಗಳನ್ನು ಸೇವಿಸುತ್ತಿರುವ ತಾಯಿಯು ಮಗುವಿಗೆ ಎದೆಹಾಲನ್ನು ಕೊಡಬಹುದು. ಹಾಲುಣಿಸುವಾಗ ಬಾಯಿ ಮೂಗುಗಳನ್ನು ಬಟ್ಟೆಯಿಂದ ಮುಚ್ಚಿಕೊಂಡರೆ ಸಾಕು. ಮಗುವಿಗೆ ಬೇಕಾದ ರಕ್ಷಣಾ ಔಷಧಿಯನ್ನು ವೈದ್ಯರೇ ತಿಳಿಸುವರು. ಹುಟ್ಟಿದ ಮಕ್ಕಳಿಗೆ ಹಾಕುವ ಬಿ.ಸಿ.ಜಿ. ಲಸಿಕೆಯು ಎಳೆಯರಲ್ಲಿ ಮಿದುಳಿಗೆ ತಗಲುವ ಘೋರವಾದ ಕ್ಷಯವನ್ನು ತಡೆಯುತ್ತದೆ. ಅದನ್ನು ತಪ್ಪಿಸಲೇಬಾರದು.

ಮನೆಯಲ್ಲಿ ಒಬ್ಬರಿಗೆ ಕ್ಷಯವೆಂದು ತಿಳಿದೊಡನೆ ಉಳಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ರೋಗವಿಲ್ಲದವರಿಗೆ ಮುಂದೆ ಅದು ಬಾರದಂತೆ ತಡೆಯುವ ಮಾತ್ರೆಗಳೂ ಇವೆ. ಅವುಗಳಲ್ಲೊಂದು ಕ್ರಮವು ವಾರಕ್ಕೊಮ್ಮೆಯಂತೆ ಕೇವಲ ಹನ್ನೆರಡು ವಾರಗಳಲ್ಲಿ ಮುಗಿಯುತ್ತದೆ. ರೋಗಿಯು ಕೆಮ್ಮುವಾಗ ಬಾಯಿಗೆ ಬಟ್ಟೆಯನ್ನು ಹಿಡಿಯಬೇಕು. ಕಫವನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಉಗುಳಿ ಸುಡಬೇಕು ಇಲ್ಲವೆ ಹೂಳಬೇಕು. ಮೊದಲ ಕೆಲವು ವಾರ ಗಾಳಿಯಾಡುವ ಪಡಸಾಲೆಯಲ್ಲಿ ಮಲಗುವುದು ಒಳ್ಳೆಯದು. ಇಷ್ಟು ಎಚ್ಚರಿಕೆ ಸಾಕು. ಇದನ್ನು ಮೀರಿದ ಮಡಿ ಮೈಲಿಗೆಗಳು ರೋಗಿಯ ಮನಸ್ಸನ್ನು ನೋಯಿಸುವವೇ ಹೊರತು ಯಾರನ್ನೂ ರಕ್ಷಿಸುವುದಿಲ್ಲ.

ಕೊನೆಯ ಮಾತು

ಮೊದಲು ನೆನೆದ ಮನೆಗೆ ಮರಳಿ ಹೋಗೋಣ. ಅಂದು ರಾತ್ರಿ ಆ ಪತಿಯು ಹೀಗೆ ಹೇಳಬಹುದಾಗಿತ್ತು: "ತವರಿಗೆ ಬೇಡ, ಇಲ್ಲೇ ಇರು. ಮಾತ್ರೆ ನಾನೇ ನೆನಪು ಮಾಡುತ್ತೇನೆ. ನಾಳೆಯಿಂದ ಎಲ್ಲರೂ ಒಟ್ಟಿಗೆ ಕೂತು ಉಣ್ಣೋಣ." ಈ ಮೂರು ಮಾತುಗಳಲ್ಲಿ ಮದರಾಸಿನ ಪಾಠವೂ ಇದೆ, ಜಾರ್ಖಂಡದ ಪಾಠವೂ ಇದೆ. ಇವುಗಳನ್ನು ಆಡಲು ಹಣ ಬೇಕಾಗಿಲ್ಲ. ಆರು ತಿಂಗಳ ನಂತರ ಆ ಮನೆಯಲ್ಲಿ ಕೆಮ್ಮಿನ ಸದ್ದು ಅಡಗಿ, ಮಕ್ಕಳ ತಾಯಿಯು ಮತ್ತೆ ಹೊಲದ ದಾರಿ ಹಿಡಿಯುವಂತಾಗುವುದು ಮನೆಯವರೆಲ್ಲರ ಕೈಯಲ್ಲಿದೆ.

ನಿಮ್ಮ ಮನೆಯಲ್ಲಾಗಲಿ ನೆರೆಮನೆಯಲ್ಲಾಗಲಿ ಎರಡು ವಾರ ಮೀರಿದ ಕೆಮ್ಮು ಇದ್ದರೆ ಇಂದೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ.